ಗಜಕರ್ಣಕ್ಕೆ ಸೊಪ್ಪೋ ಮುಲಾಮೋ: ಚರ್ಮದ ಸೋಂಕಿಗೆ ಮದ್ದು ಆರಿಸುವವರಿಗೆ

ಮಳೆಗಾಲ ಹಿಡಿಯಿತೆಂದರೆ ತೊಡೆಸಂದು, ಸೊಂಟದ ಸುತ್ತು, ಕಾಲ್ಬೆರಳ ನಡುವೆ ತುರಿಕೆ ಶುರು. ಆಗ ನಮ್ಮ ಮುಂದೆ ನಾಲ್ಕು ದಾರಿ. ಹಿತ್ತಲ ಸೊಪ್ಪು ಅರೆದು ಹಚ್ಚಬಹುದು. ಗ್ರಂಧಿಗೆ ಅಂಗಡಿಯಿಂದ ಎಣ್ಣೆಯೋ ಚೂರ್ಣವೋ ತರಬಹುದು. ಮೆಡಿಕಲ್ ಶಾಪಿಗೆ ಹೋಗಿ ‘ತುರಿಕೆಗೆ ಏನಾದ್ರೂ ಕೊಡಿ’ ಎಂದು ಟ್ಯೂಬ್ ತರಬಹುದು. ಇಲ್ಲವೇ ಚರ್ಮದ ಡಾಕ್ಟರ ಬಳಿ ಹೋಗಬಹುದು. ನಾಟಿಮದ್ದು ಮೇಲೋ ಇಂಗ್ಲಿಷ್ ಮದ್ದು ಮೇಲೋ ಎಂಬ ಜಗಳ ಹಳೆಯದು. ಆದರೆ ಈಗ ಈ ನಾಲ್ಕರಲ್ಲಿ ಹೆಚ್ಚು ಕೆಡುಕು ಮಾಡುತ್ತಿರುವುದು ಸೊಪ್ಪಲ್ಲ, ಡಾಕ್ಟರ ಚೀಟಿಯೂ ಅಲ್ಲ. ಕೇಳಿದ ಕೂಡಲೇ ಕೌಂಟರಿನಲ್ಲಿ ಸಿಗುವ ಆ ಟ್ಯೂಬು. ಅದೇಕೆಂದು ಗಜಕರ್ಣದ ಮಾತು ಬಂದಾಗ ಹೇಳುತ್ತೇನೆ.

‘ಚರ್ಮರೋಗಕ್ಕೆ ಬೇವು ಒಳ್ಳೆಯದು’ ಎಂಬ ಮಾತಿನಿಂದ ಯಾರಿಗೂ ಹೆಚ್ಚು ಉಪಯೋಗವಿಲ್ಲ. ಗಜಕರ್ಣ, ಚಿಬ್ಬು ಬರುವುದು ಶಿಲೀಂಧ್ರದಿಂದ, ಅಂದರೆ ಬೂಷ್ಟಿನ ಜಾತಿಯಿಂದ. ತುರಿಕಜ್ಜಿಗೆ ಕಾರಣ ಕಣ್ಣಿಗೆ ಕಾಣದಷ್ಟು ಸಣ್ಣ ಹುಳ. ಕುರು ಬ್ಯಾಕ್ಟೀರಿಯಾದ್ದು, ಸರ್ಪಸುತ್ತು ವೈರಸ್ಸಿನದು. ಇಸುಬು ಎಷ್ಟೋ ಸಲ ಸೋಂಕೇ ಅಲ್ಲ. ಹೀಗಾಗಿ ಗಿಡದಿಂದ ಹೊರಟು ರೋಗಕ್ಕೆ ಬರುವ ಬದಲು, ರೋಗದಿಂದ ಹೊರಟು ಗಿಡಕ್ಕೋ ಟ್ಯೂಬಿಗೋ ಬರೋಣ.

ಪುರಾವೆ ಎಂದರೆ ಯಾವುದು?

‘ವಿಜ್ಞಾನಿಗಳು ಸಾಬೀತು ಮಾಡಿದ್ದಾರೆ’ ಎಂದು ವಾಟ್ಸಾಪಿನಲ್ಲಿ ಬರುವ ಮಾತಿನ ಹಿಂದೆ ಹೆಚ್ಚಾಗಿ ಇರುವುದು ಗಾಜಿನ ತಟ್ಟೆಯ ಪ್ರಯೋಗ. ತಟ್ಟೆಯಲ್ಲಿ ಬೂಷ್ಟು ಬೆಳೆಸಿ, ಎಲೆಯ ಸಾರವನ್ನು ಆಲ್ಕೋಹಾಲಿನಲ್ಲಿ ಇಳಿಸಿ ಹಾಕುತ್ತಾರೆ. ಬೂಷ್ಟು ಬೆಳೆಯುವುದು ನಿಂತರೆ ಲೇಖನವೊಂದು ಹೊರಬರುತ್ತದೆ. ಬೇವು, ಅರಿಶಿನ, ತುಳಸಿ, ಹೊಂಗೆ, ಮದರಂಗಿ, ದಾಲ್ಚಿನ್ನಿ, ಲವಂಗ ಎಲ್ಲವೂ ಈ ಪರೀಕ್ಷೆಯಲ್ಲಿ ಪಾಸು. ಸ್ಪಿರಿಟ್ಟೂ ಪಾಸು, ಬ್ಲೀಚಿಂಗ್ ಪೌಡರೂ ಪಾಸು. ಮೈಮೇಲೆ ಹಚ್ಚಿದಾಗ ಆ ಸಾರ ಚರ್ಮದ ಮೇಲ್ಪದರವನ್ನು ದಾಟಿ, ಬೇಕಾದಷ್ಟು ಪ್ರಮಾಣದಲ್ಲಿ, ಬೇಕಾದಷ್ಟು ಹೊತ್ತು ನಿಲ್ಲುತ್ತದೆಯೇ ಎಂಬುದನ್ನು ತಟ್ಟೆ ಹೇಳಲಾರದು.

ಮನುಷ್ಯರ ಮೇಲೆ ನಡೆದ ಪ್ರಯೋಗದಲ್ಲೂ ಹೋಲಿಸಲು ಇನ್ನೊಂದು ಗುಂಪು ಇತ್ತೇ ಎಂದು ಕೇಳಬೇಕು. 2002ರಲ್ಲಿ ಆಸ್ಟ್ರೇಲಿಯಾದಲ್ಲಿ ಕಾಲ್ಬೆರಳ ಸಂದಿನ ಶಿಲೀಂಧ್ರಕ್ಕೆ ಟೀ ಟ್ರೀ ಎಂಬ ಮರದ ಎಲೆಯಿಂದ ತೆಗೆದ ಎಣ್ಣೆಯನ್ನು 158 ಜನರ ಮೇಲೆ ಪರೀಕ್ಷಿಸಿದರು. ಶೇ. 50ರ ದ್ರಾವಣ ಹಚ್ಚಿದವರಲ್ಲಿ ಶೇ. 64 ಜನರ ಚರ್ಮದಲ್ಲಿ ಬೂಷ್ಟು ಉಳಿಯಲಿಲ್ಲ. ಮದ್ದೇ ಇಲ್ಲದ ಬರೀ ದ್ರಾವಣ ಹಚ್ಚಿದವರಲ್ಲೂ ಶೇ. 31 ಜನ ಗುಣವಾದರು. ನೂರಕ್ಕೆ ಮೂವತ್ತು ಮಂದಿ ಮದ್ದಿಲ್ಲದ ದ್ರಾವಣಕ್ಕೇ ವಾಸಿಯಾಗುತ್ತಾರೆಂದರೆ, ‘ನಮ್ಮ ಚಿಕ್ಕಪ್ಪನಿಗೆ ಈ ಸೊಪ್ಪಿನಿಂದ ಹೋಯ್ತು’ ಎಂಬ ಸಾಕ್ಷಿಗೆ ಎಷ್ಟು ಬೆಲೆ ಕೊಡಬೇಕೆಂದು ನೀವೇ ಲೆಕ್ಕ ಹಾಕಿ. ಚಿಕ್ಕಪ್ಪ ಸುಳ್ಳು ಹೇಳುತ್ತಿಲ್ಲ. ಆ ಮೂವತ್ತರಲ್ಲಿ ಒಬ್ಬರಾಗಿರಬಹುದು, ಅಷ್ಟೇ.

ಗಜಕರ್ಣ ಅಥವಾ ಹುಳುಕಡ್ಡಿ

ಉಂಗುರದಂತೆ ಹರಡುತ್ತದೆ. ಅಂಚು ಕೆಂಪಾಗಿ ಉಬ್ಬಿ ಹೊಟ್ಟು ಏಳುತ್ತದೆ, ನಡುಭಾಗ ತಿಳಿಯಾಗುತ್ತದೆ. ಇದಕ್ಕೆ ನಮ್ಮಲ್ಲಿ ಹೆಸರಾದ ಮದ್ದೆಂದರೆ ಸೀಮೆ ಅಗಸೆ. ಕೆಲವೆಡೆ ಗಜಕರ್ಣದ ಗಿಡವೆಂದೇ ಕರೆಯುತ್ತಾರೆ. ಉದ್ದನೆಯ ಮೇಣದಬತ್ತಿಯಂತೆ ನಿಲ್ಲುವ ಹಳದಿ ಹೂಗೊಂಚಲು, ದೊಡ್ಡ ದೊಡ್ಡ ಎಲೆ. ಮೂಲದಲ್ಲಿ ಅಮೆರಿಕ ಖಂಡದ್ದು. ಅದರ ದಾಯಾದಿಯೇ ಕರಾವಳಿಯವರು ಆಟಿಯಲ್ಲಿ ಪಲ್ಯ, ವಡೆ ಮಾಡಿ ತಿನ್ನುವ ತಜಂಕ್, ಅಂದರೆ ಚಗಟೆ. ಅದರ ಬೀಜವನ್ನು ಮಜ್ಜಿಗೆಯಲ್ಲಿ ಅರೆದು ಹಚ್ಚುವ ರೂಢಿಯಿದೆ. ಎರಡರಲ್ಲೂ ಕ್ರೈಸೊಫನಾಲ್‌ನಂಥ ಆಂಥ್ರಾಕ್ವಿನೋನ್ ವರ್ಗದ ರಾಸಾಯನಿಕಗಳಿವೆ, ಅವಕ್ಕೆ ಬೂಷ್ಟು ತಡೆಯುವ ಗುಣವಿದೆ.

ಇದಕ್ಕೊಂದು ಸ್ವಾರಸ್ಯದ ಕತೆಯೂ ಉಂಟು. ಬ್ರೆಜಿಲಿನ ಅರರೋಬ ಮರದ ಪುಡಿಯನ್ನು ಪೋರ್ಚುಗೀಸರು ಗೋವೆಗೆ ತಂದರು. ಅಲ್ಲಿಂದ ‘ಗೋವಾ ಪೌಡರ್’ ಎಂಬ ಹೆಸರಿನಲ್ಲಿ ಅದು ಹುಳುಕಡ್ಡಿಯ ಮದ್ದಾಗಿ ಊರೂರಿಗೆ ಹೋಯಿತು. ಅದರ ಸಾರವಾದ ಕ್ರೈಸರೋಬಿನ್ ಯುರೋಪಿನ ಡಾಕ್ಟರುಗಳ ಕೈಗೆ ಸಿಕ್ಕಿ ಸೋರಿಯಾಸಿಸ್ ಎಂಬ ಹೊಟ್ಟೇಳುವ ಚರ್ಮರೋಗಕ್ಕೆ ಬಳಕೆಯಾಯಿತು. 1916ರಲ್ಲಿ ಜರ್ಮನಿಯಲ್ಲಿ ಅದಕ್ಕೆ ಬದಲಿಯಾಗಿ ತಯಾರಿಸಿದ ಡಿಥ್ರನಾಲ್ ಇಂದಿಗೂ ಸೋರಿಯಾಸಿಸ್ ಮದ್ದು. ಸೀಮೆ ಅಗಸೆಯ ರಾಸಾಯನಿಕಗಳು ಇದೇ ಬಳಗದವು, ಹಾಗಾಗಿ ಹಿರಿಯರ ಊಹೆ ಕುರುಡಲ್ಲ. ಫಿಲಿಪೀನ್ಸ್ ಸರ್ಕಾರದ ಆರೋಗ್ಯ ಇಲಾಖೆ ಅನುಮೋದಿಸಿದ ಹತ್ತು ಮದ್ದಿನ ಗಿಡಗಳಲ್ಲಿ ಇದೂ ಒಂದು. ಅಲ್ಲಿ ಇದನ್ನು ‘ಅಕಪುಲ್ಕೊ’ ಎನ್ನುತ್ತಾರೆ, ಇದರ ಲೋಷನ್ನನ್ನೂ ಮಾರುತ್ತಾರೆ.

ಆದರೆ ಮನುಷ್ಯರ ಮೇಲೆ ಈ ಗಿಡದ ಬಗ್ಗೆ ನಮ್ಮ ದೇಶದಲ್ಲಿ ನಡೆದ ಹೆಸರಾಂತ ಅಧ್ಯಯನ, ಹತ್ತು ವರ್ಷದ ಅನುಭವವನ್ನು ಒಟ್ಟುಗೂಡಿಸಿ 1994ರಲ್ಲಿ ಪ್ರಕಟವಾದದ್ದು, ಚಿಬ್ಬಿನ ಕುರಿತಾದದ್ದು. ಗಜಕರ್ಣದ್ದಲ್ಲ. ನಾಗಮಲ್ಲಿಗೆಯ ಬೇರು, ಎಲೆಗಳ ಪಾಡೂ ಹಾಗೆಯೇ: ತಟ್ಟೆಯಲ್ಲಿ ಗಜಕರ್ಣದ ಬೂಷ್ಟನ್ನು ಚೆನ್ನಾಗಿ ತಡೆಯುತ್ತದೆ, ಮೈಮೇಲಿನ ಪುರಾವೆ ತೆಳು. ಗಜಕರ್ಣದ ಮಟ್ಟಿಗೆ ಅರಿಶಿನ, ಬೇವು ಸೀಮೆ ಅಗಸೆ, ನಾಗಮಲ್ಲಿಗೆಗಳಿಗಿಂತಲೂ ಹಿಂದೆ.

ಇನ್ನು ಆ ಟ್ಯೂಬಿನ ವಿಷಯ. ಕಳೆದ ಹತ್ತು ಹನ್ನೆರಡು ವರ್ಷಗಳಿಂದ ಭಾರತದಲ್ಲಿ ಗಜಕರ್ಣ ಮೊದಲಿನ ಗಜಕರ್ಣವಾಗಿ ಉಳಿದಿಲ್ಲ. ಎರಡು ವಾರದಲ್ಲಿ ಹೋಗುತ್ತಿದ್ದುದು ತಿಂಗಳುಗಟ್ಟಲೆ ಹೋಗುವುದಿಲ್ಲ. ಒಬ್ಬರಿಂದ ಮನೆಮಂದಿಗೆಲ್ಲ ಹರಡುತ್ತದೆ. 2020ರಲ್ಲಿ ಜಪಾನಿನ ವಿಜ್ಞಾನಿಗಳು ಇದರ ಹಿಂದಿರುವ ಬೂಷ್ಟಿಗೆ ಟ್ರೈಕೊಫೈಟಾನ್ ಇಂಡೊಟಿನಿಯೆ ಎಂದು ಹೆಸರಿಟ್ಟರು. ಟರ್ಬಿನಾಫಿನ್ ಎಂಬ ಮುಖ್ಯ ಔಷಧಕ್ಕೆ ಇದರಲ್ಲಿ ಅನೇಕ ತಳಿಗಳು ಬಗ್ಗುವುದಿಲ್ಲ. ನ್ಯೂಯಾರ್ಕಿನಲ್ಲೂ ಕಾಣಿಸಿಕೊಂಡದ್ದು 2023ರಲ್ಲಿ ವರದಿಯಾಯಿತು. ಇಷ್ಟು ಹಬ್ಬಲು ಕಾರಣಗಳಲ್ಲಿ ಮುಖ್ಯವಾದುದೆಂದು ನಮ್ಮ ಚರ್ಮವೈದ್ಯರು ಬೆರಳು ತೋರಿಸುವುದು ಬೂಷ್ಟಿನ ಮದ್ದು, ಬ್ಯಾಕ್ಟೀರಿಯಾದ ಮದ್ದು, ಜೊತೆಗೆ ಕ್ಲೊಬೆಟಸಾಲ್‌ನಂಥ ಬಲವಾದ ಸ್ಟಿರಾಯ್ಡ್ ಮೂರನ್ನೂ ಬೆರೆಸಿದ ಮುಲಾಮುಗಳ ಕಡೆಗೆ. ಹಚ್ಚಿದ ಮಾರನೇ ದಿನ ತುರಿಕೆ ನಿಲ್ಲುತ್ತದೆ, ಏಕೆಂದರೆ ಸ್ಟಿರಾಯ್ಡ್ ಮೈಯ ಕಾವಲನ್ನು ಮಲಗಿಸುತ್ತದೆ. ಕಾವಲು ಮಲಗಿದಾಗ ಬೂಷ್ಟು ಆರಾಮವಾಗಿ ಒಳಗೆ ಬೇರುಬಿಡುತ್ತದೆ. ನಿಲ್ಲಿಸಿದರೆ ದುಪ್ಪಟ್ಟು ಬರುತ್ತದೆ, ಮತ್ತೆ ಹಚ್ಚುತ್ತಾರೆ. ತೊಡೆಸಂದಿನ ಚರ್ಮ ಬಿರಿದು ಬರೆಗಳಾಗುತ್ತವೆ, ಅವು ಹೋಗುವುದೇ ಇಲ್ಲ. ಇಂಥ ಸ್ಟಿರಾಯ್ಡ್ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರದಂತೆ 2018ರಲ್ಲಿ ಕೇಂದ್ರ ಸರ್ಕಾರ ನಿಯಮ ಬಿಗಿ ಮಾಡಿದೆ. ಅಂಗಡಿಯಲ್ಲಿ ಆ ನಿಯಮಕ್ಕೆ ಎಷ್ಟು ಬೆಲೆಯಿದೆ ಎಂಬುದು ಓದುಗರಿಗೆ ಗೊತ್ತು.

ಆದ್ದರಿಂದ ಟ್ಯೂಬಿನ ಹಿಂಬದಿ ಓದಿ. ಕ್ಲೊಬೆಟಸಾಲ್, ಬೆಟಾಮೆಥಸೋನ್, ಬೆಕ್ಲೊಮೆಥಸೋನ್, ಮೊಮೆಟಸೋನ್ ಎಂದಿದ್ದರೆ ಗಜಕರ್ಣಕ್ಕೆ ಅದು ಬೇಡ. ‘ಶುದ್ಧ ಗಿಡಮೂಲಿಕೆ’ ಎಂದು ಬರೆದ ಡಬ್ಬಿಯಾದರೂ ಹುಷಾರು. 1999ರಲ್ಲಿ ಲಂಡನ್ನಿನಲ್ಲಿ ಚೀನಾದ ಗಿಡಮೂಲಿಕೆ ಮುಲಾಮುಗಳನ್ನು ಪರೀಕ್ಷಿಸಿದಾಗ ಹನ್ನೊಂದರಲ್ಲಿ ಎಂಟರಲ್ಲಿ ಸ್ಟಿರಾಯ್ಡ್ ಸಿಕ್ಕಿತ್ತು. ಯಾವ ಮೂಲಿಕೆಯೂ ಒಂದೇ ರಾತ್ರಿಯಲ್ಲಿ ತುರಿಕೆ ನಿಲ್ಲಿಸುವುದಿಲ್ಲ, ನಿಲ್ಲಿಸಿದರೆ ಅನುಮಾನಪಡಬೇಕು.

ನನ್ನ ಆಯ್ಕೆ ಕೇಳಿದರೆ: ಆರೋಗ್ಯವಂತ ದೊಡ್ಡವರಿಗೆ ಹೊಸದಾಗಿ ಬಂದ ಒಂದೇ ಒಂದು ಸಣ್ಣ ಉಂಗುರವಾದರೆ ಸ್ಟಿರಾಯ್ಡ್ ಇಲ್ಲದ ಬರೀ ಶಿಲೀಂಧ್ರನಾಶಕ ಮುಲಾಮು ಮೊದಲು. ಉಂಗುರದ ಅಂಚಿನಿಂದ ಎರಡು ಸೆಂಟಿಮೀಟರ್ ಆಚೆಗೂ ಹಚ್ಚಬೇಕು, ಕಲೆ ಮಾಯವಾದ ಮೇಲೂ ಎರಡು ವಾರ ಮುಂದುವರಿಸಬೇಕು. ಹಳೆಯ ವಿಟ್‌ಫೀಲ್ಡ್ ಮುಲಾಮೂ ಅಗ್ಗದ, ನಂಬಬಹುದಾದ ಆಯ್ಕೆ: ಶೇ. 6 ಬೆಂಜೋಯಿಕ್ ಆಮ್ಲ, ಶೇ. 3 ಸ್ಯಾಲಿಸಿಲಿಕ್ ಆಮ್ಲ. ಮೊದಲನೆಯದು ಲೋಬಾನದಲ್ಲಿ, ಎರಡನೆಯದರ ಮೂಲರೂಪ ವಿಲೋ ಮರದ ತೊಗಟೆಯಲ್ಲಿ ಇದ್ದದ್ದೇ, ಆದ್ದರಿಂದ ನಾಟಿಯ ಅಭಿಮಾನಿಗಳಿಗೂ ಬೇಸರವಿರಬಾರದು. ಸೀಮೆ ಅಗಸೆ ಹಿತ್ತಲಲ್ಲಿದ್ದರೆ ಎರಡು ವಾರ ನೋಡಬಹುದು, ಉರಿದರೆ ನಿಲ್ಲಿಸಿ. ಆದರೆ ಎರಡು ಮೂರು ಕಡೆ ಹಬ್ಬಿದ್ದರೆ, ಮುಖ, ಉಗುರಿಗೆ ಬಂದಿದ್ದರೆ, ಮನೆಯಲ್ಲಿ ಇನ್ನೊಬ್ಬರಿಗೂ ಇದ್ದರೆ ಸೊಪ್ಪಿನ ಕಾಲ ಮೀರಿತು. ಮಗುವಿನ ತಲೆಯಲ್ಲಿ ಕೂದಲು ಉದುರಿದ ಬಿಲ್ಲೆಗಳಾದರೆ ಹಚ್ಚುವ ಮದ್ದು ಯಾವುದಾದರೂ ಕೂದಲಿನ ಬುಡ ತಲುಪುವುದಿಲ್ಲ. ಹೊಟ್ಟೆಗೆ ತೆಗೆದುಕೊಳ್ಳುವ ಔಷಧವೇ ಬೇಕು.

ಚಿಬ್ಬು

ಎದೆ, ಬೆನ್ನು, ಕತ್ತಿನ ಮೇಲೆ ಬಿಳಿಯೋ ಕಂದೋ ಬಣ್ಣದ ಮಚ್ಚೆ, ಕೆರೆದರೆ ಸಣ್ಣ ಹೊಟ್ಟು. ಇಲ್ಲಿ ಸೀಮೆ ಅಗಸೆ ಎಲೆಯ ಸಾರಕ್ಕೆ ಮೇಲೆ ಹೇಳಿದ ಅಧ್ಯಯನದ ಬೆಂಬಲವಿದೆ. ಕೀಟೊಕೊನಜೋಲ್ ಅಥವಾ ಸೆಲೆನಿಯಂ ಸಲ್ಫೈಡ್ ಶಾಂಪೂ ಇದಕ್ಕಿಂತ ಸುಲಭ, ಪುರಾವೆಯೂ ಗಟ್ಟಿ. ಮಾಡಬಾರದ ಕೆಲಸವೆಂದರೆ ಎಣ್ಣೆ ಹಚ್ಚುವುದು. ಚಿಬ್ಬಿನ ಶಿಲೀಂಧ್ರಕ್ಕೆ ಜಿಡ್ಡೇ ಆಹಾರ. ಪ್ರಯೋಗಾಲಯದಲ್ಲಿ ಅದನ್ನು ಬೆಳೆಸುವಾಗ ಆಲಿವ್ ಎಣ್ಣೆ ಬಡಿಸುತ್ತಾರೆ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪಾಗುತ್ತದೆ. ಗುಣವಾದ ಮೇಲೂ ಬಣ್ಣ ಮರಳಲು ತಿಂಗಳುಗಳೇ ಬೇಕು, ಅದನ್ನು ಮದ್ದಿನ ಸೋಲೆಂದು ತಿಳಿಯಬೇಡಿ.

ಗದ್ದೆಯ ಕೆಸರುಹುಣ್ಣು

ನಾಟಿ ಕಾಲದಲ್ಲಿ ಕಾಲ್ಬೆರಳ ಸಂದು ಬೆಳ್ಳಗೆ ನೆನೆದು ಬಿರಿಯುತ್ತದೆ. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಮದರಂಗಿ ಸೊಪ್ಪು ಅರೆದು ಬೆರಳಿಗೆ ಮೆತ್ತುವುದುಂಟು. ಮದರಂಗಿಯ ಲಾಸೋನ್ ಎಂಬ ಬಣ್ಣಕ್ಕೆ ತಟ್ಟೆಯಲ್ಲಿ ಬೂಷ್ಟು ತಡೆಯುವ ಶಕ್ತಿಯಿದೆ, ಜೊತೆಗೆ ಸಂದನ್ನು ಒಣಗಿಸುತ್ತದೆ. ಇಲ್ಲಿ ಒಣಗಿಸುವುದೇ ಅರ್ಧ ಚಿಕಿತ್ಸೆ. ತಾಜಾ ಸೊಪ್ಪಾದರೆ ಸರಿ. ‘ಕಪ್ಪು ಮೆಹಂದಿ’ ಕೋನ್ ಬೇಡ, ಅದರಲ್ಲಿ ಬೆರೆಸುವ ಪಿಪಿಡಿ ಎಂಬ ಬಣ್ಣ ಬೊಬ್ಬೆ ಎಬ್ಬಿಸುತ್ತದೆ. ಎಳೆಯ ಶಿಶುಗಳಿಗೆ ಮದರಂಗಿಯೇ ಬೇಡ: ಜಿ6ಪಿಡಿ ಕಿಣ್ವದ ಕೊರತೆಯಿರುವ ಮಕ್ಕಳಲ್ಲಿ ರಕ್ತಕಣಗಳು ಒಡೆದ ಉದಾಹರಣೆಗಳಿವೆ.

ಟೀ ಟ್ರೀ ಎಣ್ಣೆಯ ಪುರಾವೆ ಆಗಲೇ ನೋಡಿದಿರಿ. ಆದರೆ 1992ರಲ್ಲಿ ಇದೇ ಎಣ್ಣೆಯ ಶೇ. 10ರ ಮುಲಾಮನ್ನು 104 ಜನರ ಮೇಲೆ ಪರೀಕ್ಷಿಸಿದಾಗ ತುರಿಕೆ ಇಳಿದಿತ್ತು, ಬೂಷ್ಟು ಮಾತ್ರ ಹೋಗಿರಲಿಲ್ಲ. ಅಂಗಡಿಯ ಕ್ರೀಮುಗಳಲ್ಲಿ ಅಷ್ಟೂ ಇರುವುದಿಲ್ಲ.

ಬೆಳ್ಳುಳ್ಳಿಯ ಕತೆ ಇನ್ನೂ ಕುತೂಹಲದ್ದು. ವೆನೆಜುವೆಲಾದಲ್ಲಿ 1996ರಲ್ಲಿ ಬೆಳ್ಳುಳ್ಳಿಯಿಂದ ತೆಗೆದ ಅಜೋಯಿನ್ ಎಂಬ ಅಂಶದ ಶೇ. 0.4 ಮುಲಾಮನ್ನು 34 ಜನರಿಗೆ ಹಚ್ಚಿದರು. ಒಂದೇ ವಾರದಲ್ಲಿ 27 ಜನ ಗುಣವಾದರು, ಉಳಿದವರು ಇನ್ನೊಂದು ವಾರದಲ್ಲಿ. ಇದನ್ನು ಓದಿ ಹಸಿ ಬೆಳ್ಳುಳ್ಳಿ ಜಜ್ಜಿ ಕಟ್ಟಬೇಡಿ. ಹಾಗೆ ಕಟ್ಟಿ ಸುಟ್ಟಗಾಯವಾಗಿ ಆಸ್ಪತ್ರೆ ಸೇರಿದವರ ವರದಿಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಬೇಕಾದಷ್ಟಿವೆ. ಸಕ್ಕರೆ ಕಾಯಿಲೆಯವರು ಬೆರಳ ಸಂದಿನ ಬಿರುಕಿಗೆ ಯಾವ ಸೊಪ್ಪನ್ನೂ ನೆಚ್ಚಿ ಕೂರಬಾರದು. ಕಾಲಿನ ಸೋಂಕು ಅಲ್ಲಿಂದಲೇ ಮೇಲೇರುವುದು.

ತುರಿಕಜ್ಜಿ

ರಾತ್ರಿ ಹೆಚ್ಚಾಗುವ ತುರಿಕೆ, ಬೆರಳ ಸಂದು, ಮಣಿಕಟ್ಟು, ಸೊಂಟದಲ್ಲಿ ಗುಳ್ಳೆ, ಮನೆಯಲ್ಲಿ ಒಬ್ಬರಾದ ಮೇಲೊಬ್ಬರು ಕೆರೆದುಕೊಳ್ಳುವುದು: ಇಷ್ಟಿದ್ದರೆ ಕಜ್ಜಿಯೆಂದೇ ತಿಳಿಯಬಹುದು. ನಮ್ಮ ನಾಟಿಮದ್ದುಗಳಲ್ಲಿ ಹೆಚ್ಚು ಗೌರವಕ್ಕೆ ಪಾತ್ರವಾದ ಪುರಾವೆ ಇಲ್ಲಿದೆ. ಬೇವಿನ ಸೊಪ್ಪು, ಅರಿಶಿನವನ್ನು ನಾಲ್ಕಕ್ಕೆ ಒಂದರಂತೆ ಅರೆದು 814 ಜನರಿಗೆ ಹಚ್ಚಿದ ಭಾರತೀಯ ಅಧ್ಯಯನವೊಂದು 1992ರಲ್ಲಿ ಪ್ರಕಟವಾಯಿತು. ಮೂರರಿಂದ ಹದಿನೈದು ದಿನದಲ್ಲಿ ಶೇ. 97 ಜನ ಗುಣವಾದರೆಂದು ಅದು ಹೇಳುತ್ತದೆ. ದೊಡ್ಡ ಸಂಖ್ಯೆ, ಸಂತೋಷದ ಸುದ್ದಿ. ಆದರೆ ಹೋಲಿಸಲು ಬೇರೆ ಗುಂಪಿರಲಿಲ್ಲ. ಮೂವತ್ತು ವರ್ಷ ದಾಟಿದರೂ ಅದೇ ಲೇಪವನ್ನು ಡಾಕ್ಟರುಗಳು ಕಜ್ಜಿಗೆ ಕೊಡುವ ಪರ್ಮೆತ್ರಿನ್ ಮುಲಾಮಿನ ಎದುರು ನಿಲ್ಲಿಸಿ ಅಳೆದ ದೊಡ್ಡ ಪ್ರಯೋಗ ನಮಗೆ ಇನ್ನೂ ಬೇಕಾಗಿದೆ. ಹೊಂಗೆ ಎಣ್ಣೆಗೆ ಕರ್ಪೂರ ಹಾಕಿ ಹಚ್ಚುವುದು ಹಳ್ಳಿಗಳಲ್ಲಿ ಇನ್ನೂ ವ್ಯಾಪಕ. ಅದಕ್ಕೆ ಇಷ್ಟೂ ಬೆಂಬಲವಿಲ್ಲ.

ಪರ್ಮೆತ್ರಿನ್ ಶೇ. 5 ಮುಲಾಮಾದರೆ ರಾತ್ರಿ ಕತ್ತಿನಿಂದ ಕೆಳಗೆ ಪೂರ್ತಿ ಹಚ್ಚಿ, ಬೆಳಿಗ್ಗೆ ತೊಳೆದು, ವಾರದ ನಂತರ ಮತ್ತೊಮ್ಮೆ ಹಚ್ಚಿದರೆ ಮುಗಿಯಿತು. ಎಂಟು ಗಂಟೆಯಾದರೂ ಮೈಮೇಲಿರಬೇಕು. ಹಳೆಯ ಮದ್ದೇ ಬೇಕೆಂದರೆ ಗಂಧಕದ ಮುಲಾಮು ಇದೆ, ಗಿಡದ್ದಲ್ಲದಿದ್ದರೂ ನಮ್ಮ ವೈದ್ಯಪದ್ಧತಿಗೆ ಹೊಸದಲ್ಲ. ನಾತ ಹೊಡೆಯುತ್ತದೆ, ಬಟ್ಟೆ ಕೊಳೆಯಾಗುತ್ತದೆ. ಆದರೆ ಎಳೆಯ ಮಕ್ಕಳಿಗೆ, ಬಸುರಿಯರಿಗೆ ಡಾಕ್ಟರುಗಳು ಇಂದಿಗೂ ಬರೆದುಕೊಡುವಷ್ಟು ನಿರಪಾಯ.

ಯಾವ ಮದ್ದಾದರೂ ಹೆಚ್ಚಾಗಿ ಸೋಲುವುದು ಈ ಕಾರಣಕ್ಕೆ: ತುರಿಸುವವರಿಗೆ ಮಾತ್ರ ಹಚ್ಚಿ, ಉಳಿದವರನ್ನು ಬಿಡುವುದು. ಮನೆಯ ಎಲ್ಲರಿಗೂ ಒಂದೇ ರಾತ್ರಿ ಹಚ್ಚಬೇಕು, ಹೊದಿಕೆ ಬಟ್ಟೆಗಳನ್ನು ಬಿಸಿನೀರಲ್ಲಿ ಒಗೆಯಬೇಕು. ಹುಳ ಸತ್ತ ಮೇಲೂ ತುರಿಕೆ ಎರಡು ಮೂರು ವಾರ ಇರುತ್ತದೆ. ಮಕ್ಕಳ ಕಜ್ಜಿ ಕೀವಾಗಿ, ಆಮೇಲೆ ಮುಖ ಊದಿ ಮೂತ್ರ ಕೆಂಪಾದರೆ ಅದು ಮೂತ್ರಪಿಂಡದ ತೊಂದರೆ, ತಡಮಾಡದೆ ಆಸ್ಪತ್ರೆಗೆ.

ಕುರು, ಉಗುರುಸುತ್ತು, ಕೀವಿನ ಹುಣ್ಣು

ಗೋಧಿಹಿಟ್ಟು ಅರಿಶಿನ ಬಿಸಿ ಮಾಡಿ ಕುರುವಿಗೆ ಕಟ್ಟುವುದು ತಪ್ಪಲ್ಲ. ಕೆಲಸ ಮಾಡುವುದು ಬಿಸಿ. ಡಾಕ್ಟರೂ ಬಿಸಿನೀರ ಬಟ್ಟೆಯ ಶಾಖ ಕೊಡಿ ಎಂದೇ ಹೇಳುತ್ತಾರೆ. ಉಗುರುಸುತ್ತಿಗೆ ನಿಂಬೆಹಣ್ಣಿಗೆ ತೂತು ಕೊರೆದು ಬೆರಳು ತೂರಿಸುವುದಕ್ಕಿಂತ ಬಿಸಿ ಉಪ್ಪುನೀರಲ್ಲಿ ಅದ್ದುವುದು ಹಿತ. ಕೀವು ತುಂಬಿದ ಮೇಲೆ ಎರಡೂ ಸಾಲದು, ಕೊಯ್ದು ತೆಗೆಯಬೇಕು. ಮೂಗು, ಮೇಲ್ತುಟಿಯ ಸುತ್ತಲಿನ ಕುರುವನ್ನು ಹಿಸುಕಲೇಬಾರದು. ಅಲ್ಲಿನ ರಕ್ತನಾಳಗಳು ಸೋಂಕನ್ನು ತಲೆಯೊಳಕ್ಕೆ ಒಯ್ಯಬಲ್ಲವು.

ಜೇನಿನ ಬಗ್ಗೆ ಒಂದು ಮಾತು. ನಮ್ಮ ಗಡಿಯಾಚೆಯ ಸೊಲ್ಲಾಪುರದಲ್ಲಿ 1991ರಲ್ಲಿ ಸುಟ್ಟಗಾಯದ 104 ಜನರನ್ನು ಎರಡು ಗುಂಪು ಮಾಡಿ ಜೇನನ್ನೂ ಸಿಲ್ವರ್ ಸಲ್ಫಡಯಜಿನ್ ಮುಲಾಮನ್ನೂ ಹೋಲಿಸಿದರು. ಒಂದು ವಾರದಲ್ಲಿ ಜೇನಿನ ಗುಂಪಿನ ಶೇ. 91 ಗಾಯಗಳಲ್ಲಿ ಸೋಂಕು ಹೋಗಿತ್ತು. ಮುಲಾಮಿನ ಗುಂಪಿನಲ್ಲಿ ಶೇ. 7 ಮಾತ್ರ. ಇಷ್ಟು ದೊಡ್ಡ ಅಂತರ ನೋಡಿದರೆ ನನಗೆ ಕೊಂಚ ಅನುಮಾನವೇ, ಆದರೂ ಆಮೇಲಿನ ಪರಿಶೀಲನೆಗಳು ಆಳವಲ್ಲದ ಸುಟ್ಟಗಾಯಕ್ಕೆ ಜೇನು ಒಳ್ಳೆಯದೆಂದೇ ಹೇಳುತ್ತವೆ. ಗಾಯಕ್ಕೆಂದು ಶುದ್ಧೀಕರಿಸಿದ ಜೇನಿನ ಮಾತು ಇದು. 2020ರಲ್ಲಿ ದೆಹಲಿಯ ಸಿಎಸ್‌ಇ (ವಿಜ್ಞಾನ ಮತ್ತು ಪರಿಸರ ಕೇಂದ್ರ) ಸಂಸ್ಥೆ ಅಂಗಡಿಯ ಜೇನನ್ನು ಪರೀಕ್ಷಿಸಿದಾಗ ಬಹುಪಾಲು ಬ್ರ್ಯಾಂಡುಗಳಲ್ಲಿ ಸಕ್ಕರೆ ಪಾಕದ ಬೆರಕೆ ಸಿಕ್ಕಿತ್ತು.

ಕೊಬ್ಬರಿ ಎಣ್ಣೆಗೂ ಇಲ್ಲೊಂದು ಜಾಗವಿದೆ. ಇಸುಬು ಇರುವವರ ಚರ್ಮದ ಮೇಲೆ ಸ್ಟೆಫಿಲೊಕಾಕಸ್ ಬ್ಯಾಕ್ಟೀರಿಯಾ ಮನೆ ಮಾಡಿರುತ್ತದೆ. 2008ರ ಫಿಲಿಪೀನ್ಸ್ ಪ್ರಯೋಗದಲ್ಲಿ ಕಾಯಿಸದೆ ತೆಗೆದ ತೆಂಗಿನೆಣ್ಣೆ ಹಚ್ಚಿದ ಅಂಥ 20 ಜನರಲ್ಲಿ ಕೊನೆಗೆ ಒಬ್ಬರಲ್ಲಿ ಮಾತ್ರ ಅದು ಉಳಿದಿತ್ತು. ಆಲಿವ್ ಎಣ್ಣೆಯಲ್ಲಿ 12ಕ್ಕೆ 6. ಒಣ ಇಸುಬಿಗೆ ಇದು ಬಂದೀತು, ಕೀವು ಸುರಿಯುವ ಹುಣ್ಣಿಗಲ್ಲ.

ಸರ್ಪಸುತ್ತು

ಮೈಯ ಒಂದೇ ಬದಿಯಲ್ಲಿ ಪಟ್ಟಿಯಂತೆ ಉರಿಯುವ ಬೊಬ್ಬೆ. ಕೆಮ್ಮಣ್ಣು ಬರೆಸುವುದು, ಪೂಜೆ ಮಾಡಿಸುವುದು ಇದೆ. ಎರಡು ಮೂರು ವಾರದಲ್ಲಿ ಅದು ತಾನಾಗಿಯೇ ಒಣಗುವುದರಿಂದ ಬರೆದವರಿಗೆ ಹೆಸರು ಬರುತ್ತದೆ. ನಂಬಿಕೆಯಿದ್ದರೆ ಬರೆಸಿ, ತಕರಾರಿಲ್ಲ. ಆದರೆ ಎಸೈಕ್ಲೊವಿರ್‌ನಂಥ ಮಾತ್ರೆ ಬೊಬ್ಬೆ ಎದ್ದ 72 ಗಂಟೆಯೊಳಗೆ ಶುರುವಾದರೆ ಹೆಚ್ಚು ಫಲ. ಕಣ್ಣು, ಹಣೆಯ ಹತ್ತಿರ ಬಂದರೆ ಅದೇ ದಿನ ಡಾಕ್ಟರು. ಇದಕ್ಕೆ ಹೋಲಿಕೆಯೇ ಇಲ್ಲ, ಆಯ್ಕೆಯೂ ಇಲ್ಲ.

ಕೈ ಹಾಕಬಾರದವು

ಗೇರಿನ ಎಣ್ಣೆ, ಚಿತ್ರಮೂಲದ ಬೇರು, ನರುಲಿಗೆ ಸುಣ್ಣ: ಇವು ಚರ್ಮವನ್ನು ಸುಡುತ್ತವೆ. ಎಕ್ಕದ ಹಾಲು ಕಣ್ಣಿಗೆ ತಾಗಿದರೆ ಕಣ್ಣಿನ ಕಪ್ಪುಭಾಗದ ಪಾರದರ್ಶಕ ಪೊರೆಗೆ ಪೆಟ್ಟು. ಬೇವಿನೆಣ್ಣೆಯನ್ನು ‘ರಕ್ತಶುದ್ಧಿ’ ಎಂದು ಹಸುಗೂಸಿಗೆ ಕುಡಿಸಿ ಮಿದುಳಿಗೆ ವಿಷವೇರಿದ ಪ್ರಕರಣಗಳಿವೆ. ಕರ್ಪೂರ ಹೊಟ್ಟೆಗೆ ಹೋದರೆ ಮಕ್ಕಳಿಗೆ ಫಿಟ್ಸ್ ಬರುತ್ತದೆ. ಹಚ್ಚುವ ಮದ್ದು ಹಚ್ಚಲಿಕ್ಕಷ್ಟೇ.

ಬೆಳ್ಳಗಿನ ಮಚ್ಚೆ, ಮುಟ್ಟಿದರೆ ಗೊತ್ತಾಗದಿದ್ದರೆ

ಚಿಬ್ಬೆಂದುಕೊಂಡು ಸೊಪ್ಪು ಹಚ್ಚುತ್ತಾ ವರ್ಷ ಕಳೆಯುವವರಲ್ಲಿ ಕೆಲವರಿಗೆ ಇರುವುದು ಕುಷ್ಠ. ಜಗತ್ತಿನ ಹೊಸ ಕುಷ್ಠರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಭಾರತದವರು. ಇದಕ್ಕೂ ಒಂದು ಕಾಲದಲ್ಲಿ ಗಿಡದ ಮದ್ದೇ ಇತ್ತು: ಚಾಲ್ಮೊಗ್ರ ಎಣ್ಣೆ. ಅದರ ಬಳಗದ ಗರುಡಫಲ ನಮ್ಮ ಪಶ್ಚಿಮಘಟ್ಟದ ಕಾಡಿನಲ್ಲಿದೆ. 1915ರ ಸುಮಾರಿಗೆ ಹವಾಯಿಯಲ್ಲಿ ಆಲಿಸ್ ಬಾಲ್ ಎಂಬ ತರುಣ ರಸಾಯನಶಾಸ್ತ್ರಜ್ಞೆ ಆ ಎಣ್ಣೆಯನ್ನು ಚುಚ್ಚುಮದ್ದಾಗಿ ಕೊಡುವ ದಾರಿ ಕಂಡುಹಿಡಿದಳು; ಮರುವರ್ಷ 24ನೇ ವಯಸ್ಸಿಗೇ ತೀರಿಕೊಂಡಳು. 1940ರ ದಶಕದಲ್ಲಿ ಸಲ್ಫೋನ್ ಔಷಧ ಬರುವ ತನಕ ಅದೇ ಮುಖ್ಯ ಚಿಕಿತ್ಸೆ. ಮೇಲಾದದ್ದು ಬಂದಾಗ ಎಣ್ಣೆ ಪಕ್ಕಕ್ಕೆ ಸರಿಯಿತು, ಯಾರೂ ಅದಕ್ಕಾಗಿ ಜಗಳಕ್ಕೆ ನಿಲ್ಲಲಿಲ್ಲ.

ಮಚ್ಚೆಯ ಮೇಲೆ ಕಣ್ಣುಮುಚ್ಚಿಸಿ ಹತ್ತಿಯ ಎಳೆ ಆಡಿಸಿ. ಸುತ್ತಲಿನ ಚರ್ಮಕ್ಕೆ ಗೊತ್ತಾಗಿ ಮಚ್ಚೆಗೆ ಗೊತ್ತಾಗದಿದ್ದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಆರು ತಿಂಗಳೋ ಒಂದು ವರ್ಷವೋ ಮಾತ್ರೆ ಕೊಡುತ್ತಾರೆ, ಪೂರ್ತಿ ಉಚಿತ. ಬೇಗ ಶುರುಮಾಡಿದರೆ ಬೆರಳು ಮುರುಟುವ ಭಯವಿಲ್ಲ.